ಬೋಡೇಲಿಯ ಹೊಲದಲ್ಲಿ ಧಾರವಾಡದ ಜೂನ್

೨೪ ಜೂನ್ ೨೦೨೪, ಸೋಮವಾರ, ವಡೋದರಾ

ಹದಿನಾರನೆಯ ತಾರೀಖಿನ ನನ್ನ ಬರಹದಲ್ಲಿ ಒಂದು ತಪ್ಪು ನುಸುಳಿದೆ. ಅದನ್ನು ಇಲ್ಲಿ ತಿದ್ದುತ್ತಿದ್ದೇನೆ. "ಬಿತ್ತನೆಯ ವೇಳೆಗೆ ಭೂಮಿ ಹದವಾಗಿತ್ತು" ಎಂದು ಬರೆದಿದ್ದೇನೆ. ಭೂಮಿ ಹದವಾಗಿರಲಿಲ್ಲ. ವೇದಿಕೆಯ ಮುಂದಿನ ಹತ್ತು ಅಡಿ ನೆಲವನ್ನು ಮಾತ್ರ ಹಿಂದಿನ ಸಂಜೆ ಟ್ಯಾಂಕರಿನ ನೀರಿನಿಂದ ತೋಯಿಸಲಾಗಿತ್ತು. ಉಳಿದ ಎರಡು ಎಕರೆ ಮುಖ್ಯ ಅತಿಥಿಗಳ ಭಾಷಣದಷ್ಟೇ ಒಣಗಿತ್ತು.

ತಿದ್ದುಪಡಿಗೆ ಹಿನ್ನೆಲೆ ಬೇಕು. ಇಲ್ಲಿಯ ನಮ್ಮ ಕನ್ನಡ ಸಂಘಕ್ಕೆ ಈ ವರ್ಷ ಐವತ್ತು ತುಂಬುತ್ತದೆ. ಕವಿಗೋಷ್ಠಿಗೆ ಕೇಳುವವರಿಲ್ಲ, ರಕ್ತದಾನಕ್ಕೆ ನಮ್ಮ ಸದಸ್ಯರ ವಯಸ್ಸು ಒಪ್ಪುವುದಿಲ್ಲ. ಆದ್ದರಿಂದ ಅಧ್ಯಕ್ಷ ಹಯವದನರು ಒಬ್ಬ ರೈತರನ್ನು "ದತ್ತು" ತೆಗೆದುಕೊಂಡು ಅವರ ಸೋಯಾ ಅವರೆಯ ಇಳುವರಿಯನ್ನು ಒಂದೂವರೆ ಪಟ್ಟು ಮಾಡೋಣ ಎಂದರು. ಹಯವದನರು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಬೆಳೆಸಾಲಗಳಿಗೆ ಸಹಿ ಹಾಕಿದವರು. ಬೂಟಿಗೆ ಮಣ್ಣು ತಾಗಿಸಿಕೊಳ್ಳದೆ ಇಷ್ಟು ಬೇಸಾಯ ಮಾಡಿದವರು ಇನ್ನೊಬ್ಬರಿಲ್ಲ. ಕಾರ್ಯದರ್ಶಿತ್ವ ನನ್ನ ಪಾಲಿಗೆ ಬಂತು. ಕೇಂದ್ರೀಯ ಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ನನ್ನ ಹೊರತು ಸಂಘದಲ್ಲಿ ತಪ್ಪಿಲ್ಲದ ಒಂದು ವಾಕ್ಯ ಬರೆಯಬಲ್ಲವರು ಯಾರಿದ್ದಾರೆ?

ದತ್ತಾದವಳು ಜಶಿಬೆನ್ ರಾಠವಾ. ಇಲ್ಲಿಂದ ಎರಡು ಗಂಟೆ ಬಸ್ಸಿನ ದಾರಿಯ ಬೋಡೇಲಿಯಿಂದ ಮೂರು ಮೈಲಿ ಆಚೆ ಅವಳ ಎರಡು ಎಕರೆ ಇದೆ. ಹಯವದನರ ಮನೆಯ ಮೇಲಂತಸ್ತಿಗೆ ಗಾರೆ ಹೊತ್ತವಳು. ಅವರಿಗೆ ಗೊತ್ತಿರುವ ಏಕೈಕ ರೈತ ಹೆಂಗಸು. ಗಂಡ ವರ್ಷವಿಡೀ ಸೂರತ್ ಬಳಿಯ ಉಧ್ನಾದಲ್ಲಿ ಕಟ್ಟಡ ಕೆಲಸದಲ್ಲಿರುತ್ತಾನೆ. ಇವಳು ದೀಪಾವಳಿಯ ಕೊನೆಯ ದಿನವಾದ ಲಾಭಪಂಚಮಿ ಕಳೆದ ಮೇಲೆ ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಕಾರ್ಖಾನೆಗಳ ಗೋಡೆ ಏಳುವ ಕಡೆ ಗಾರೆ ತಟ್ಟೆ ಹೊತ್ತು, ತಾಡಪಾಲಿನಡಿ ಮಲಗಿ, ಹೋಳಿ ಹಬ್ಬಕ್ಕೆ ಮರಳುತ್ತಾಳೆ. ಮೊದಲ ಭೇಟಿಯಲ್ಲೇ ತನ್ನ ಲೆಕ್ಕ ಹೇಳಿಬಿಟ್ಟಳು: "ಹೋದ ವರ್ಷ ಎಂಟು ಮೂಟೆ. ಈ ಸಲ ಹತ್ತು ಬಂದರೆ ಮನೇಲೇ ಇರ್ತೀನಿ. ಬರದಿದ್ದರೆ ಲಾಭಪಂಚಮಿ ಮಾರನೇ ದಿನ ಸಚಿನ್ ಲಾರಿ."

ಹದಿನಾರರ ಬಿತ್ತನೆ ಸಮಾರಂಭದ ದಿನ ಅವಳು ಬದುವಿನಲ್ಲಿ ನನ್ನ ತೋಳು ಹಿಡಿದಳು. "ಮಾಸ್ತರ್‌ಸಾಹೇಬ್, ನೆಲ ಇನ್ನೂ ಸುಡ್ತಿದೆ. ಮಳೆ ಬರಲಿ."

"ಆಮಂತ್ರಣ ಪತ್ರಿಕೆ ಅಚ್ಚಾಗಿ ಹೋಗಿದೆ," ಎಂದು ವಿವರಿಸಿದೆ.

"ಹಾಗಂದ್ರೆ?"

ಮತ್ತೊಮ್ಮೆ ವಿವರಿಸಿದೆ. ಅವಳಿಗೆ ಸಮಾಧಾನವಾದಂತೆ ತೋರಲಿಲ್ಲ. ಅಷ್ಟರಲ್ಲಿ ಮುಖ್ಯ ಅತಿಥಿ ಸುಧೀರ್ ಶೆಟ್ಟರು ಅಹಮದಾಬಾದಿನಿಂದ ಬಂದಿಳಿದರು. ನರೋಡಾದಲ್ಲಿ ಅವರ ಉಡುಪಿ ಹೋಟೆಲಿದೆ. ಬಿತ್ತನೆ ಬೀಜ ಅವರ ಕೊಡುಗೆ, ಎಲ್ಲರ ತಲೆಯ ಮೇಲಿನ ಹಸಿರು ಟೋಪಿಯೂ ಅವರದೇ. ಸೋಯಾ ಹಾಲಿನಿಂದ ಸಾಧ್ಯವಾಗುವ ಹದಿನೇಳು ತಿನಿಸುಗಳನ್ನು ಹೆಸರಿಸಿ, ತೋಯಿಸಿದ ಹತ್ತು ಅಡಿಯಲ್ಲಿ ಒಂದು ಹಿಡಿ ಬೀಜ ಎಸೆದು, ಚಪ್ಪಾಳೆ ಪಡೆದು ಹೋದರು.

ಇಂದಿಗೆ ಎಂಟು ದಿನ. ಮಳೆಯಿಲ್ಲ. ಮೊಳಕೆಯಿಲ್ಲ. ದಿನಾಂಕವು ಸಮಿತಿಯಲ್ಲಿ ನಿಗದಿಯಾದದ್ದು.

ಸುಲೋಚನೆ ಊಟಕ್ಕೆ ಬಡಿಸುತ್ತ ಅಂದಳು: "ಊರ ಮಂದಿಗೆಲ್ಲಾ ಕಾರ್ಡ್ ಹಂಚಿದ್ರಿ. ಮಳೀಗೊಂದು ಕಳಸೂದು ಮರ್ತ್ರೇನ್ರೀ?" ಹೆಂಡತಿಯ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಡಬೇಕೆಂಬ ನಿಯಮವಿಲ್ಲ.

೨೭ ಜೂನ್, ಗುರುವಾರ

ಬೆಳಗಿನ ಬಸ್ಸಿನಲ್ಲಿ ಹೊಲಕ್ಕೆ ಹೋಗಿದ್ದೆ. ಸಾಲಿನಲ್ಲಿ ನೂರು ಕಾಳು ಅಗೆದು ನೋಡಿದೆ. ಹನ್ನೊಂದು ಗಟ್ಟಿಯಾಗಿದ್ದವು. ಉಳಿದವುಗಳಲ್ಲಿ ಕೆಲವು ಉಬ್ಬಿ ಸೀಳಿ ಸತ್ತಿವೆ, ಕೆಲವು ಇರುವೆಗಳ ಉಗ್ರಾಣ ಸೇರಿವೆ. ಜೀವ ಇರುವುದು ವೇದಿಕೆಯ ಮುಂದಿನ ಹತ್ತು ಅಡಿಯಲ್ಲಿ ಮಾತ್ರ. ಅಲ್ಲಿ ಮೊಳೆತದ್ದನ್ನು ಜಶಿಬೆನ್‌ಳ ಮೇಕೆ ಮೇಯ್ದಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಅವಳ ಭಾಷೆಯ ಬಗ್ಗೆ ಎರಡು ಮಾತು ಹೇಳಿ ಹಗುರವಾಗಬಹುದಿತ್ತು.

ಹಿಂದಿರುಗುವಾಗ ಹಯವದನರ ಫೋನು. "ಮಾಸ್ಟರೇ, ರಿಪೋರ್ಟಲ್ಲಿ 'ಮೊಳಕೆ ಆಶಾದಾಯಕವಾಗಿದೆ' ಅಂತ ಹಾಕ್ಬಿಡಿ. ಸ್ಮರಣ ಸಂಚಿಕೆಗೆ ಕರಡು ರೆಡಿ ಆಗ್ಬೇಕು."

"ಆಶೆ ಇಟ್ಟುಕೊಳ್ಳುವುದಕ್ಕಾದರೂ ಒಂದು ಮೊಳಕೆ ಬೇಕಲ್ಲ?"

"ಅಯ್ಯೋ, ಯಾರ್ ಹೋಗಿ ನೋಡ್ತಾರೆ, ಬಿಡಿ."

ನಾನು ನೋಡಿದ್ದೇನೆ ಎಂದು ಹೇಳುವಷ್ಟರಲ್ಲಿ ಅವರು ಫೋನು ಇಟ್ಟಿದ್ದರು.

೩೦ ಜೂನ್, ಭಾನುವಾರ

ಮಳೆ. ಬೋಡೇಲಿಯಲ್ಲೂ ಬಂದಿದೆಯಂತೆ, ನಾಲ್ಕು ಇಂಚು. ಆಮಂತ್ರಣವಿಲ್ಲದೆ ಬಂದಿತು.

೨ ಜುಲೈ, ಮಂಗಳವಾರ

ಮರುಬಿತ್ತನೆ ಆಯಿತು. ಸಂಘದಿಂದ ಬಂದವನು ನಾನೊಬ್ಬನೇ. ಫೋಟೋ ತೆಗೆಯುವವನು ಇರುವುದಿಲ್ಲವೆಂದು ಮೊದಲೇ ತಿಳಿಸಿದ್ದು ನನ್ನ ತಪ್ಪು.

ಬೀಜದ ಪ್ರಶ್ನೆ ಇತ್ತು. ಜಶಿಬೆನ್ ತನ್ನ ಹಳೆಯ ಬೆಳೆಯಿಂದ ಒಂದು ಎಕರೆಗಾಗುವಷ್ಟು ಎತ್ತಿಟ್ಟಿದ್ದಳು. ಶೆಟ್ಟರ ಬೀಜದಲ್ಲಿ ಒಂದು ಚೀಲ ಉಳಿದಿತ್ತು. ಎರಡರಿಂದಲೂ ನೂರು ನೂರು ಕಾಳು ತಂದು ಒದ್ದೆ ಗೋಣಿಯಲ್ಲಿ ಸುತ್ತಿ ಮನೆಯಲ್ಲಿ ಐದು ದಿನ ಇಟ್ಟಿದ್ದೆ. ಸುಲೋಚನೆಯ ಅಡುಗೆಮನೆಯಲ್ಲಿ ದಿನವೂ ಬೆಳಗ್ಗೆ ಹಾಜರಿ. ಜಶಿಬೆನ್‌ಳ ಬೀಜದಲ್ಲಿ ಎಂಬತ್ತಾರು ಮೊಳೆತವು. ದಾನಿಗಳ ಬೀಜದಲ್ಲಿ ಅರವತ್ತೊಂದು. ನಮ್ಮ ಶಾಲೆಯಲ್ಲಿ ಅರವತ್ತೊಂದಕ್ಕೆ ಪ್ರಥಮ ದರ್ಜೆ ಇತ್ತು. ಹೊಲದಲ್ಲಿ ಅದಕ್ಕೆ ಹೆಸರು ಬೇರೆ. ಆ ಬೀಜವನ್ನು ಸಾಲಿನಲ್ಲಿ ದಟ್ಟವಾಗಿ ಹಾಕಬೇಕು. ಬೆಲ್ಲದ ನೀರಿನಲ್ಲಿ ಜೀವಾಣು ಗೊಬ್ಬರ ಕಲಸಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಒಣಗಿಸಿದೆವು. ಕೂರಿಗೆ ಹೂಡಿದವಳು ಅವಳು. ಆಳ ನಾಲ್ಕು ಸೆಂಟಿಮೀಟರು ಮೀರಬಾರದೆಂದು ನಾನು ಅಡಿಕೋಲು ಹಿಡಿದು ಹಿಂದೆ ನಡೆದೆ. ಅವಳು ಮಣ್ಣಿಗೆ ಬೆರಳು ಚುಚ್ಚಿ ಎರಡನೆಯ ಗೆಣ್ಣಿನವರೆಗೆ ಎಂದಳು. ಮೂವತ್ತು ಕಡೆ ಅಳೆದೆ. ಮೂವತ್ತು ಕಡೆಯೂ ನಾಲ್ಕು. ಮೂವತ್ತೊಂದನೆಯದನ್ನು ಅಳೆಯಲಿಲ್ಲ.

ಇನ್ನೊಂದು ತಿದ್ದುಪಡಿಯನ್ನು ಇಲ್ಲೇ ಮಾಡಿಬಿಡುತ್ತೇನೆ. ದಿನಾಂಕವು ಸಮಿತಿಯಲ್ಲಿ ನಿಗದಿಯಾದದ್ದು ಎಂದು ಬರೆದಿದ್ದೆನಷ್ಟೆ. ನಿಗದಿ ಮಾಡಿದವನು ನಾನು. ನನ್ನ ಷಡ್ಡಕ ಧಾರವಾಡದಿಂದ ತಂದುಕೊಟ್ಟ ಸೋಯಾ ಬೇಸಾಯದ ಕೈಪಿಡಿಯಲ್ಲಿ "ಜೂನ್ ಮಧ್ಯಭಾಗ ಅತ್ಯುತ್ತಮ" ಎಂದಿತ್ತು. ಅದು ಧಾರವಾಡದ ಜೂನ್. ಅಲ್ಲಿ ಆ ಹೊತ್ತಿಗೆ ಮುಂಗಾರು ಬಾಗಿಲಲ್ಲಿ ನಿಂತಿರುತ್ತದೆ. ಇಲ್ಲಿ ಹಲವು ವರ್ಷ ಆಗ ಅದರ ಸುದ್ದಿಯೂ ಇರುವುದಿಲ್ಲ. ಇಲ್ಲಿಯ ಗುಜರಾತಿ ಕರಪತ್ರವೂ ನನ್ನ ಮೇಜಿನ ಮೇಲಿತ್ತು. ಮೂರು ನಾಲ್ಕು ಇಂಚು ಮಳೆಯಾಗುವವರೆಗೆ ಬಿತ್ತಬೇಡಿ, ತಾರೀಖು ಯಾವುದೇ ಇರಲಿ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಆದರೆ ಅದರಲ್ಲಿ ಮೂರು ಅಚ್ಚಿನ ತಪ್ಪುಗಳಿದ್ದವು. ಕನ್ನಡದ ಕೈಪಿಡಿಯ ಗದ್ಯವೋ ನಿರ್ದುಷ್ಟ. ಮೂವತ್ತು ವರ್ಷ ಈ ಊರಿನ ನೀರು ಕುಡಿದವನು ಗದ್ಯವನ್ನು ನಂಬಿ ಬಿತ್ತಿದೆ.

ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ.

೨೮ ಜುಲೈ, ಭಾನುವಾರ

ಗಿಡ ಮೊಳಕಾಲಿಗಿಂತ ತುಸು ಕೆಳಗಿದೆ. ಹಯವದನರು ಕಾರಿನಲ್ಲಿ ಬಂದಿದ್ದರು. ಕಾರು ರಸ್ತೆಯಲ್ಲಿ, ಅವರು ಕಾರಿನ ಪಕ್ಕದಲ್ಲಿ. "ಹಸಿರು ಸಾಲ್ದು ಮಾಸ್ಟರೇ, ಫೋಟೋಲಿ ಎದ್ದು ಕಾಣಲ್ಲ. ಎರಡು ಚೀಲ ಯೂರಿಯಾ ಎರಚಿಸಿ."

ಜಶಿಬೆನ್ ಒಂದು ಗಿಡವನ್ನು ಮಣ್ಣು ಸಮೇತ ಕಿತ್ತು ತಂದು ಬೇರನ್ನು ಅವರ ಮುಂದೆ ಹಿಡಿದರು. ಬೇರಿನ ತುಂಬ ಸಾಸಿವೆ, ಜೋಳದ ಗಾತ್ರದ ಗಂಟುಗಳು. ಹಯವದನರು ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯಯ್ಯೋ, ರೋಗ ಹಿಡಿದಿದೆಯಲ್ರೀ ಇದಕ್ಕೆ!"

ಬೆಳೆಸಾಲದ ಮೂವತ್ತೆರಡು ವರ್ಷಗಳು ನನ್ನ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ನಾನು ಒಂದು ಗಂಟನ್ನು ಉಗುರಿನಿಂದ ಸೀಳಿ ತೋರಿಸಿದೆ. ಒಳಗೆ ಎಳೆ ಮಗುವಿನ ಒಸಡಿನ ಕೆಂಪು. ಆ ಬಣ್ಣವಿದ್ದರೆ ಗಂಟು ಜೀವಂತವಾಗಿದೆ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿದೆ. ಯೂರಿಯಾ ಸುರಿದರೆ ಗಂಟು ಸೋಮಾರಿಯಾಗುತ್ತದೆ, ಗಿಡ ಎಲೆಯಲ್ಲಿ ಕೊಬ್ಬಿ ಕಾಯಿಯಲ್ಲಿ ಬಡವಾಗುತ್ತದೆ. ಇದು ಕೈಪಿಡಿಯ ಹನ್ನೊಂದನೆಯ ಪುಟದಲ್ಲಿದೆ. ನಾಲ್ಕು ಬಾರಿ ಓದಿದ್ದೆ. ಬಣ್ಣವನ್ನು ಮಾತ್ರ ಇಂದು ಕಂಡೆ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದೆನಂತೆ. "ಮಾಸ್ತರ್‌ಸಾಹೇಬ್, ಅದು ಪಾಸೋ ಫೇಲೋ ಹೇಳಿಬಿಡಿ, ಪಾಪ ಕಾಯ್ತಿದೆ," ಎಂದರು ಜಶಿಬೆನ್. ನಗು ಬಂತು. ಯೂರಿಯಾ ಬರಲಿಲ್ಲ.

ಹಯವದನರು ಹೋದ ಮೇಲೆ ಕೈಪಿಡಿ ಹೇಳಿದಂತೆ ನಾಲ್ಕು ಸಾಲಿಗೊಂದು ಬಸಿಗಾಲುವೆ ತೆಗೆದೆವು. ಮೊದಲು ಜಶಿಬೆನ್ ಒಪ್ಪಲಿಲ್ಲ. ಕಪ್ಪು ಮಣ್ಣಿನಲ್ಲಿ ಜಾಗ ಹಾಳು ಎಂದರು. ನಾನು ಬಿಡಲಿಲ್ಲ. ಹಗ್ಗ ಕಟ್ಟಿ, ಗೆರೆ ಎಳೆದು, ರೇಖಾಗಣಿತದ ಪುಸ್ತಕದಲ್ಲಿ ಅಚ್ಚು ಹಾಕಬಹುದಾದಷ್ಟು ನೇರವಾದ ಕಾಲುವೆಗಳನ್ನು ತೆಗೆಸಿದೆ. ಎಲ್ಲ ಮುಗಿದ ಮೇಲೆ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಚೆಂದ ಇದೆ. ನೀರು ಒಳಗೆ ಬರುತ್ತೆ. ಎಲ್ಲಿಂದ ಹೊರಗೆ ಹೋಗುತ್ತೆ?"

ಎರಡು ತುದಿಗಳನ್ನೂ ನಾನು ಅಂದವಾಗಿ ಮುಚ್ಚಿಸಿದ್ದೆ. ಕೈಪಿಡಿ ಆ ವಿಷಯದಲ್ಲಿ ಮೌನವಾಗಿತ್ತು. ಅವರು ಸನಿಕೆ ತೆಗೆದುಕೊಂಡು ಕೆಳತುದಿಗಳನ್ನು ಒಡೆದು ಹಳ್ಳದ ಕಡೆಗೆ ಸೊಟ್ಟ ಸೊಟ್ಟ ದಾರಿ ಮಾಡಿದರು. ಅಕ್ಷರ ಚೆನ್ನಾಗಿರಲಿಲ್ಲ, ಅರ್ಥ ಸರಿಯಾಗಿತ್ತು.

೨೮ ಆಗಸ್ಟ್, ಬುಧವಾರ

ವಿಶ್ವಾಮಿತ್ರಿ ನದಿ ಉಕ್ಕಿದೆ. ನಾವು ಎರಡನೆಯ ಮಹಡಿಯಲ್ಲಿ ಸುರಕ್ಷಿತ. ಕೆಳಗಿನ ವಾಹನ ನಿಲ್ದಾಣದಲ್ಲಿ ಎದೆಮಟ್ಟ ನೀರು. ಅದರೊಳಗೊಂದು ಮೊಸಳೆಯಿದೆ ಎಂದು ಕಾವಲುಗಾರ, ಟೈರು ಎಂದು ಸುಲೋಚನೆ. ಕರೆಂಟಿಲ್ಲ. ಬೋಡೇಲಿಗೆ ಫೋನು ಹೋಗುತ್ತಿಲ್ಲ. ಹದಿನಾರು ಸಲ ಮಾಡಿದೆ. ಕಾಯಿ ಕಟ್ಟುವ ಸಮಯ ಇದು. ಎರಡು ದಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

೩೧ ಆಗಸ್ಟ್, ಶನಿವಾರ

ಬಸ್ಸುಗಳು ಪೂರ್ತಿ ಆರಂಭವಾಗಿಲ್ಲ. "ನೀರು ಪೂರಾ ಇಳೀಲಿ, ಆಮ್ಯಾಲ ಹೋಗ್ರಿ" ಎಂದ ಸುಲೋಚನೆ, ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಬುತ್ತಿ ಕಟ್ಟಿಬಿಟ್ಟಿದ್ದಳು. "ಆಕೀಗೂ ಐತಿ ಇದರಾಗ. ನೀವೊಬ್ಬರ ತಿಂದು ಬರಬ್ಯಾಡ್ರಿ." ಡಭೋಯಿಯವರೆಗೆ ಬಸ್ಸು, ಅಲ್ಲಿಂದ ಹಂಚಿಕೊಂಡ ಜೀಪು, ಕೊನೆಯ ಮೂರು ಮೈಲಿ ಕಾಲು.

ಪಕ್ಕದ ಹೊಲಗಳೆಲ್ಲ ಕೆರೆ. ಅವುಗಳ ನಡುವೆ ಇದೊಂದು ಎರಡು ಎಕರೆ, ಕೆಳಗಿನ ಮೂಲೆಯ ಕಾಲು ಎಕರೆ ಹಳದಿಗಟ್ಟಿದ್ದು ಬಿಟ್ಟರೆ, ನಿಂತಿತ್ತು. ನೇರ ಕಾಲುವೆಗಳಿಂದ ನೀರು ಇಳಿದು ಸೊಟ್ಟ ದಾರಿಗಳಲ್ಲಿ ಹಳ್ಳ ಸೇರುತ್ತಿತ್ತು. ಜಶಿಬೆನ್ ಅವರು ಮೂರು ದಿನದಿಂದ ಕಟ್ಟಿಕೊಂಡ ಕೆಸರು ಬಿಡಿಸುತ್ತಲೇ ಇದ್ದರಂತೆ. ಅಂಗಾಲು ಬೆಳ್ಳಗೆ ಬಿರಿದಿತ್ತು. ಬುತ್ತಿ ಬಿಚ್ಚಿದೆವು. ಚಟ್ನಿಪುಡಿ ನಾಲಿಗೆಗಿಟ್ಟು, "ಇದನ್ನ ಮಾಡಿದವರು ನಿಮಗಿಂತ ಜೋರು," ಎಂದರು.

ಹೌದು ಎಂದೆ.

೬ ಅಕ್ಟೋಬರ್, ಭಾನುವಾರ

ಸಮಿತಿಯ ಸಭೆ. ವಿಷಯ: "ಸುಗ್ಗಿ ಸಂಭ್ರಮ". ದಿನಾಂಕ ಇಪ್ಪತ್ತು, ಏಕೆಂದರೆ ಸುಧೀರ್ ಶೆಟ್ಟರಿಗೆ ನವರಾತ್ರಿ ಮುಗಿಯುವವರೆಗೆ ಹೋಟೆಲು ಬಿಟ್ಟು ಬರಲಾಗದು. ಬೆಳ್ಳಿ ಬಣ್ಣದ ಹತ್ತು ಕುಡುಗೋಲುಗಳಿಗೆ ಹೇಳಿಯಾಗಿದೆ.

ನಾನು ಎದ್ದು ನಿಂತೆ. ಎಲೆ ಉದುರಿದೆ, ಕಾಯಿ ನೂರಕ್ಕೆ ತೊಂಬತ್ತು ಕಂದಾಗಿದೆ. ಇನ್ನು ಐದಾರು ದಿನದಲ್ಲಿ ಕೊಯ್ಯದಿದ್ದರೆ ಬಿಸಿಲಿಗೆ ಸಿಡಿದು ಕಾಳು ನೆಲದ ಪಾಲು. ಇದಲ್ಲದೆ ಬೆಳೆ ಬೇಗ ತೆಗೆದರೆ ಮಣ್ಣಿನ ಪಸೆಯಲ್ಲೇ ಕಡಲೆ ಬಿತ್ತಬಹುದೆಂದು ಜಶಿಬೆನ್ ಅವರ ಆಲೋಚನೆ ಎಂದು ಹೇಳಿದೆ.

"ಒಂದು ವಾರ ಹೆಚ್ಚುಕಮ್ಮಿ ಆದ್ರೆ ಏನಾಗುತ್ತೆ ಮಾಸ್ಟರೇ?" ಎಂದರು ಹಯವದನರು. "ಹೋದ್ಸಲ ದಿನಾಂಕ ಬದಲಾಯಿಸಲ್ಲ ಅಂತ ಹಟ ಹಿಡಿದೋರು ನೀವೇ."

"ಹೌದು. ಮೊದಲ ಬೀಜ ಸತ್ತದ್ದು ಅದರಿಂದಲೇ. ಆ ತಾರೀಖು ನನ್ನದು. ಸಂಚಿಕೆಯ ಕರಡಿನಲ್ಲಿ 'ಪ್ರಕೃತಿ ವಿಕೋಪ' ಎಂದು ಹಾಕಿದ್ದೀರಿ. ಅಲ್ಲಿ ನನ್ನ ಹೆಸರು ಹಾಕಿ."

ಯಾರೋ ಕೆಮ್ಮಿದರು. ಚಹಾ ಬಂತು. ಮತಕ್ಕೆ ಹಾಕಲಾಗಿ ಇಪ್ಪತ್ತನೆಯ ತಾರೀಖಿನ ಪರ ಒಂಬತ್ತು, ವಿರುದ್ಧ ಒಂದು. ಆಮಂತ್ರಣ ಪತ್ರಿಕೆಯ ಒಕ್ಕಣೆ ಬರೆಯಲಾರೆನೆಂದೆ. ಹಯವದನರೇ ಬರೆದರು. ಆರು ಸಾಲಿನಲ್ಲಿ ನಾಲ್ಕು ತಪ್ಪು. ತಿದ್ದಿ ಕೊಡಲು ಕೇಳಿದರು. ಹಾಗೇ ಇರಲಿ ಎಂದು ಬಂದುಬಿಟ್ಟೆ.

೧೧ ಅಕ್ಟೋಬರ್, ಶುಕ್ರವಾರ

ಕೊಯ್ದೆವು. ಬಿಸಿಲೇರಿದರೆ ಕಾಯಿ ಸಿಡಿಯುತ್ತದೆಂದು ಇಬ್ಬನಿ ಇರುವಾಗಲೇ ಶುರು. ಜಶಿಬೆನ್ ಅವರು, ಅವರ ಓರಗಿತ್ತಿ, ನಾನು. ನನ್ನವು ಮೂರು ಸಾಲು. ಹತ್ತು ಗಂಟೆಯ ಹೊತ್ತಿಗೆ ಹೊಲದಲ್ಲೆಲ್ಲ ಚಟಚಟ ಸದ್ದು. ಹೆಚ್ಚು ಬರೆಯಲಾರೆ. ಹೆಬ್ಬೆರಳಿಗೆ ಪಟ್ಟಿ ಇದೆ.

೨೦ ಅಕ್ಟೋಬರ್, ಭಾನುವಾರ

ಒಕ್ಕಣೆ ಮುಗಿದು ತೂಗಿಯಾಗಿದೆ: ಒಂಬತ್ತು ಮೂಟೆ, ಹತ್ತನೆಯದು ಅರ್ಧ. ಯಂತ್ರವನ್ನು ನಿಧಾನ ತಿರುಗಿಸಿದ್ದರಿಂದ ಕಾಳು ಒಡೆದಿಲ್ಲ. ಹಳದಿಗಟ್ಟಿದ ಮೂಲೆ ಆ ಅರ್ಧವನ್ನು ನುಂಗಿತು. ಹತ್ತು ತುಂಬಲಿಲ್ಲ.

ಸಂಘ ಇಂದು ಎರಡು ಕಾರು, ಒಂದು ಮಿನಿಬಸ್ಸಿನಲ್ಲಿ ಬೆಳ್ಳಿ ಬಣ್ಣದ ಕುಡುಗೋಲುಗಳೊಂದಿಗೆ ಬಂದಿಳಿದಾಗ ಹೊಲದಲ್ಲಿ ಸೋಯಾದ ಒಂದು ಕಡ್ಡಿಯೂ ಇರಲಿಲ್ಲ. ಜಶಿಬೆನ್ ಅವರು ಕೂರಿಗೆ ಹೂಡಿ ಕಡಲೆ ಬಿತ್ತುತ್ತಿದ್ದರು. ಎತ್ತಿನ ಹಗ್ಗ ನನ್ನ ಕೈಯಲ್ಲಿತ್ತು.

ಹಯವದನರ ಮುಖ ಕೆಂಪಾಯಿತು. "ಮಾಸ್ಟರೇ, ಇದೇನ್ರೀ ಇದು? ಬೆಳೆ ಎಲ್ಲಿ?"

"ಮೂಟೆಯಲ್ಲಿ."

"ಸಂಘದ ಮರ್ಯಾದೆ ಏನಾಗ್ಬೇಕು? ಇಷ್ಟು ಜನ ಕೊಯ್ಯೋಕೆ ಅಂತ ಬಂದಿದ್ದೀವಿ!"

ಸುಧೀರ್ ಶೆಟ್ಟರು ಅವರಿಗಿಂತ ಬುದ್ಧಿವಂತರು. "ಇರ್ಲಿ ಮಾರಾಯ್ರೆ. ಕೊಯ್ಲಾದ್ರೆಂತ, ಬಿತ್ತನೆ ಆದ್ರೆಂತ? ಫೋಟೋಕ್ಕೆ ಮಣ್ಣು ಬೇಕು, ಅಷ್ಟೇ ಅಲ್ವಾ?" ಎಂದು ಟೋಪಿ ಸರಿಪಡಿಸಿಕೊಂಡು ಒಂದು ಹಿಡಿ ಕಡಲೆ ಎಸೆದರು. ಈ ಚಿತ್ರ "ಸೋಯಾ ಸುಗ್ಗಿ" ಎಂಬ ಶೀರ್ಷಿಕೆಯೊಂದಿಗೆ ಸಂಚಿಕೆಯ ಹೊದಿಕೆಯಲ್ಲಿ ಬರುತ್ತದೆ. ಎಸೆದ ಕಡಲೆಯನ್ನು ಜಶಿಬೆನ್ ಅವರು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಂಡರು.

ಕಾರ್ಯದರ್ಶಿ ಸ್ಥಾನದಿಂದ ನನ್ನನ್ನು ಅಲ್ಲೇ ಬದುವಿನ ಮೇಲೆ ಬಿಡುಗಡೆ ಮಾಡಲಾಯಿತು. ಸಚಿನ್ ಲಾರಿಯ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊಸ ಹಗ್ಗದಿಂದ ಮೂಟೆ ಬಿಗಿಯುತ್ತಿದ್ದರು. ಪಯಣಕ್ಕೆ ಗಂಟು ಕಟ್ಟಲೂ ಅದೇ ಹಗ್ಗ ಬೇಕಾಗುತ್ತದೆ.

೭ ನವೆಂಬರ್, ಗುರುವಾರ

ನಿನ್ನೆ ಲಾಭಪಂಚಮಿ. ಇಂದು ಬೆಳಗ್ಗೆ ಬೋಡೇಲಿಗೆ ಹೋಗಲು ನನಗೆ ಕಾರಣವಿರಲಿಲ್ಲ. ಸುಲೋಚನೆ ಕಾರಣ ಕೇಳದೆ ಬುತ್ತಿ ಕೊಟ್ಟಳು.

ಬೋಡೇಲಿಯ ರಸ್ತೆ ಕೂಡುವ ನಾಕೆಯಲ್ಲಿ ಸಚಿನ್ ಲಾರಿ ನಿಂತಿತ್ತು. ಹೆಂಗಸರು, ತಟ್ಟೆಗಳು, ಸುತ್ತಿದ ತಾಡಪಾಲು, ಎರಡು ಕೋಳಿ. ಹಿಂಬಾಗಿಲ ಬಳಿ ನಿಂತು ಒಂದೊಂದೇ ಮುಖ ನೋಡಿದೆ. ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಕೂಲಿಗಳ ಮುಕಾದಮ ಮೇಲಿನಿಂದ ಬಗ್ಗಿ, "ಕಾಕಾ, ನೀವೂ ಬರ್ತೀರಾ? ಇಟ್ಟಿಗೆ ಎಣಿಸೋಕೆ ಓದಿದೋರು ಬೇಕು," ಎಂದ. ಎಲ್ಲರೂ ನಕ್ಕರು.

"ಜಶಿಬೆನ್ ರಾಠವಾ?" ಎಂದೆ.

ಮೂಲೆಯಲ್ಲಿದ್ದ ಒಬ್ಬಾಕೆ ಕಾಲು ಚಾಚಿ ತೋರಿಸಿದಳು. "ಅವಳ ಜಾಗದಲ್ಲಿ ನಾನು ಕೂತಿದ್ದೀನಿ. ಕಡಲೆ ಹಾಕಿದ್ದಾಳಂತೆ, ಬಿಟ್ಟು ಬರಲ್ಲವಂತೆ. ಈ ವರ್ಷ ದೊಡ್ಡ ರಾಣಿ!"

ಮೂರು ಮೈಲಿಯನ್ನು ಎಷ್ಟು ಹೊತ್ತಿನಲ್ಲಿ ನಡೆದೆನೋ ತಿಳಿಯದು. ಗಡಿಯಾರ ನೋಡಲು ಮರೆತೆ. ಕಡಲೆ ಬೆರಳುದ್ದ ಎದ್ದಿದೆ. ಜಶಿಬೆನ್ ಅವರು ಕಳೆ ಕೀಳುತ್ತಿದ್ದರು. ತಲೆ ಎತ್ತದೆ, "ಲಾರಿ ನೋಡೋಕೆ ಬಂದ್ರಾ, ನನ್ನನ್ನಾ?" ಎಂದರು. ಆಮೇಲೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು, "ಒಳ್ಳೇದಾಯ್ತು. ಒಂದು ಮಾತು ಹೇಳಿ. ಪಕ್ಕದವನ ಬಾವಿ ಈ ವಾರ ಸಿಗುತ್ತೆ. ಈಗಲೇ ನೀರು ಬಿಡಲಾ, ಹೂವಿನ ಹೊತ್ತಿಗೆ ಅವನ ಕಾಲು ಹಿಡಿಯಲಾ?"

ನನ್ನ ಕೈಪಿಡಿಯಲ್ಲಿ ಕಡಲೆಯ ಅಧ್ಯಾಯವಿಲ್ಲ.

"ನನಗೆ ಗೊತ್ತಿಲ್ಲ," ಎಂದೆ. "ನಿಮಗೆ ಹೇಗೆ ತೋರುತ್ತದೆ?"

ಅವರು ಕಿತ್ತ ಕಳೆಯನ್ನು ಬದುವಿಗೆ ಎಸೆದರು. ಬಗ್ಗಿ ಸಾಲಿನ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಅಮುಕಿ, ಉಂಡೆಯನ್ನು ನನ್ನ ಅಂಗೈಗೆ ಹಾಕಿದರು. ತಂಪಾಗಿತ್ತು. ನಾನೂ ಅಮುಕಿದೆ. ಇಬ್ಬರೂ ಬದುವಿನ ಮೇಲೆ ಕುಳಿತು ಈ ಪ್ರಶ್ನೆಯನ್ನು ಬಹಳ ಹೊತ್ತು ಚರ್ಚಿಸಿದೆವು. ಹೆಚ್ಚಾಗಿ ಅವರು ಚರ್ಚಿಸಿದರು. ಈಗ ಬೇಡ, ಹೂವಿಗೆ ಮುಂಚೆ ಒಂದೇ ನೀರು, ಅಷ್ಟರಲ್ಲಿ ಬಾವಿಯವನನ್ನು ಒಲಿಸಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಒಲಿಸುವ ಕೆಲಸ ನನ್ನದು. ಅವನ ಮಗಳಿಗೆ ಹತ್ತನೆಯ ತರಗತಿಯ ಸಂಸ್ಕೃತ ಕಷ್ಟವಂತೆ. ಬರುವ ಬುಧವಾರದಿಂದ ಪಾಠ. ಸಮಯವನ್ನು ಜಶಿಬೆನ್ ಅವರು ಗೊತ್ತು ಮಾಡಿ ಫೋನು ಮಾಡುತ್ತಾರೆ.

ಬರೆದು ಮುಗಿಸಿದ್ದು: ೭ ನವೆಂಬರ್ ೨೦೨೪, ಸಂಜೆ ಆರು ಗಂಟೆ ಹತ್ತು ನಿಮಿಷ.